ಆಕಾರವೋ ಆದಾಯವೋ: ಜತ್ತದ ಒಣಹೊಲದಿಂದ ತೆರಿಗೆಯ ನ್ಯಾಯ ಕುರಿತು

ದನಿ ಎಲ್ಲರಿಗೂ ಕೇಳಸ್ತದ ಅಂದ್ಕೋತೀನಿ. ಪರದೆಯ ಮೇಲೆ ಕಾಣುತ್ತಿರುವುದು ನಮ್ಮ ಮನೆತನದ ಒಂದು ಹೊಲದ ಸಾತಬಾರಾ ಉತಾರ. ಹೆಸರು, ಗಟ್ ನಂಬರು ಮುಚ್ಚಿದ್ದೇನೆ. ನಮ್ಮೂರು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಕುಣಿಕೋಣೂರ. ಮನೆಯೊಳಗೆ ಕನ್ನಡ, ತಲಾಠಿಯ ಕಾಗದದಲ್ಲಿ ಮರಾಠಿ. ಈ ಉತಾರದಲ್ಲಿ ‘ಆಕಾರ’ ಅಂತ ಒಂದು ಕಲಮು ಇದೆ. ಸಣ್ಣವನಿದ್ದಾಗ ಅದು ಹೊಲ ಚೌಕೋ ಉದ್ದೋ ಅನ್ನೋದನ್ನ ಹೇಳ್ತದ ಅಂತ ತಿಳಿದಿದ್ದೆ. ಅದು ಹೊಲಕ್ಕೆ ಕಟ್ಟಿದ ಕಂದಾಯದ ಮೊತ್ತ. ನಮ್ಮ ಕಡೆ ‘ಸಾರಾ’ ಅಂತಾರೆ. ಇಡೀ ಹೊಲದ ಸಾರಾ ಇವತ್ತು ನಾಲ್ಕು ಮಂದಿಯ ಚಹಾಕ್ಕೂ ಸಾಲದು. ಅಜ್ಜನ ಬಾಯಲ್ಲಿ ಮಾತ್ರ ಬೇರೆ ಮಾತಿತ್ತು: “ಮಳಿ ಇಲ್ಲ, ಬೆಳಿ ಇಲ್ಲ, ಸಾರಾ ಮಾತ್ರ ಐತಿ.”

ಆಸ್ತಿಯ ಮೇಲಿನ ತೆರಿಗೆ ನ್ಯಾಯವೋ, ಆದಾಯದ ಮೇಲಿನದೋ ಎಂಬ ಪ್ರಶ್ನೆಯನ್ನು ನಾನು ಈ ಎರಡು ಸಂಗತಿಗಳ ನಡುವೆ ಇಟ್ಟು ನೋಡುತ್ತೇನೆ. ನಮ್ಮ ದೇಶದಲ್ಲಿ ಈ ಎರಡು ತೆರಿಗೆಗಳು ಬೇರೆಬೇರೆಯಾಗಿ ಬೆಳೆದವಲ್ಲ. ಒಂದರ ಭಾರ ಇನ್ನೊಂದರ ವಿನಾಯಿತಿಗೆ ನೆಪವಾಯಿತು.

ಮೊದಲು ಸಾರಾ. ಮುಂಬಯಿ ಪ್ರಾಂತದಲ್ಲಿ 1820ರ ದಶಕದ ಕೊನೆಗೆ ಪ್ರಿಂಗಲ್ ಎಂಬ ಅಧಿಕಾರಿ ಪ್ರತಿ ಹೊಲದ ಉತ್ಪನ್ನದಲ್ಲಿ ಖರ್ಚು ಕಳೆದು, ಉಳಿದದ್ದರ ನೂರಕ್ಕೆ 55 ಪಾಲು ಸರಕಾರಕ್ಕೆ ಎಂದು ಲೆಕ್ಕ ಹಾಕಿದ. ಗಮನಿಸಿ, ಇದು ಹೆಸರಿಗೆ ಭೂಕಂದಾಯ, ತತ್ವದಲ್ಲಿ ಆದಾಯದ ಮೇಲಿನ ತೆರಿಗೆಯೇ. ಲೆಕ್ಕ ನೆಲ ಕಚ್ಚಿತು. ಇಂದಾಪುರದಂಥ ಕಡೆ ರೈತರು ಹೊಲ ಬಿಟ್ಟು ಹೋದರು. 1835ರಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅದನ್ನು ಕೈಬಿಟ್ಟು ಮಣ್ಣನ್ನೇ ಅಳೆಯಲು ಹೊರಟರು. ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಕರಿ ಎರಿ ಸಿಕ್ಕರೆ ಹದಿನಾರಾಣೆ. ಆಳ ಕಡಿಮೆಯಾದ ಹಾಗೆ, ಕಲ್ಲು ಹೆಚ್ಚಿದ ಹಾಗೆ ಆಣೆ ಇಳಿಯುತ್ತಿತ್ತು. ಊರುಗಳನ್ನು ಹವಾಮಾನ, ಪೇಟೆಯ ದೂರ ನೋಡಿ ಗುಂಪು ಮಾಡಿದರು. ಬಂದ ದರ ಮೂವತ್ತು ವರ್ಷಕ್ಕೆ ಸ್ಥಿರ.

ಇದನ್ನು ಬರೀ ದೌರ್ಜನ್ಯ ಅಂತ ತಳ್ಳಿಹಾಕೋದು ನನಗೆ ಒಪ್ಪಿಗೆಯಿಲ್ಲ. ಭಾವಿ ತೋಡಿ ಹೆಚ್ಚು ಬೆಳೆದರೆ ಆ ಹೆಚ್ಚಳ ರೈತನದೇ. ಅಧಿಕಾರಿ ಪ್ರತಿ ವರ್ಷ ರಾಶಿಯ ಮುಂದೆ ಬಂದು ನಿಲ್ಲುವುದಿಲ್ಲ. ಆದರೆ ಲೆಕ್ಕದಲ್ಲಿ ಬಂದದ್ದು ಸರಾಸರಿ ಮಳೆ. ಈ ವರ್ಷದ ಮಳೆ ಅಲ್ಲ. ಜತ್ತದಂಥ ಕಡೆ ಸರಾಸರಿ ವರ್ಷ ಎನ್ನುವುದೇ ಅಪರೂಪ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಜತ್ತ ಆಗ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದಾಪುರದ ಕತೆಯನ್ನು ಹಾಗ್ಹಾಗೇ ನಮ್ಮೂರಿಗೆ ಅಂಟಿಸಬಾರದು. ಆದರೆ ಇವತ್ತು ಕೈಯಲ್ಲಿರುವ ಉತಾರದ ವಂಶ ಆ ಮುಂಬಯಿ ಪದ್ಧತಿಯದೇ.

ಇನ್ನು ಆದಾಯ ತೆರಿಗೆ. 1857ರ ದಂಗೆಯ ಖರ್ಚು ತುಂಬಿಸಲು ಜೇಮ್ಸ್ ವಿಲ್ಸನ್ 1860ರಲ್ಲಿ ತಂದದ್ದು. ಅದರಲ್ಲಿ ಭೂಮಿಯ ಆದಾಯವೂ ಸೇರಿತ್ತು. 1886ರ ಕಾಯ್ದೆ ಕೃಷಿ ಆದಾಯವನ್ನು ಹೊರಗಿಟ್ಟಿತು: ಭೂಮಿ ಆಗಲೇ ಸಾರಾ ಕೊಡುತ್ತಿದೆ, ಎರಡು ಸಲ ಯಾಕೆ? ಮಾತು ಸರಿಯಿದ್ದ ಹಾಗೆ ಕಾಣುತ್ತದೆ. ಆದರೆ ಅದೇ ಕಾಯ್ದೆಯಲ್ಲಿ ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಗಳಿಸುವವನಿಗೆ ತೆರಿಗೆಯೇ ಇರಲಿಲ್ಲ; 1903ರಲ್ಲಿ ಆ ಮಿತಿ 1000 ಆಯಿತು. ಸಾರಾಕ್ಕೆ ಅಂಥ ಮಿತಿ ಇರಲಿಲ್ಲ. ವಿಜಾಪುರದ ಪೇಟೆಯಲ್ಲಿ 400 ರೂಪಾಯಿ ಗಳಿಸಿದ ಅಂಗಡಿಕಾರ ಏನೂ ಕೊಡಬೇಕಿರಲಿಲ್ಲ. ಅಲ್ಲೇ ಹೊರಗೆ ಎರಡೆಕರೆ ಮಸಾರಿ ಇದ್ದವ ನಲವತ್ತು ರೂಪಾಯಿ ಕಾಣದಿದ್ದರೂ ಕೊಡಬೇಕಿತ್ತು. ವಿನಾಯಿತಿಯ ಲಾಭ ಬಂಗಾಳದ ಜಮೀನುದಾರರಿಗೆ ಹೋದಷ್ಟು ಇಂಥವರಿಗೆ ಬರಲಿಲ್ಲ. ನನ್ನ ದೃಷ್ಟಿಯಲ್ಲಿ ಅನ್ಯಾಯ ಇದ್ದದ್ದು ಇಲ್ಲಿ: ಬದುಕಲು ಬೇಕಾದಷ್ಟನ್ನು ಒಂದು ತೆರಿಗೆ ಮುಟ್ಟದೆ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ.

ಬರಗಾಲಕ್ಕೆ ಪರಿಹಾರವಾಗಿ ಬಂದದ್ದು ಆಣೆವಾರಿ. ಬೆಳೆ ನಾಲ್ಕಾಣೆಗಿಂತ ಕಡಿಮೆ ಬಂದರೆ ಆ ವರ್ಷದ ಸಾರಾ ತಡೆಹಿಡಿಯಬೇಕು. 1918ರ ಖೇಡಾ ಸತ್ಯಾಗ್ರಹದ ಜಗಳ ಇದರದೇ: ಬೆಳೆ ನಾಲ್ಕಾಣೆಯೋ, ಹೆಚ್ಚೋ? ಅಂದರೆ ಆಸ್ತಿ ತೆರಿಗೆಯೊಳಗೆ ಆದಾಯದ ಲೆಕ್ಕ ಹಿತ್ತಲ ಬಾಗಿಲಿನಿಂದ ಒಳಗೆ ಬಂತು, ಅಳೆಯುವವ ಮಾತ್ರ ಅಧಿಕಾರಿಯೇ ಆಗಿ ಉಳಿದ. ಮುಂದೆ 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರಿನ ರೈತರು ಸಾರಾ ನಿಲ್ಲಿಸಿ ಹೊಲಮನೆ ಕಳಕೊಂಡರು. ಆಣೆ ಹೋಗಿ ಪೈಸೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಅದು ಪೈಸೇವಾರಿ. ಊರಿನ ಪೈಸೇವಾರಿ ಐವತ್ತರ ಕೆಳಗಿದೆ ಅಂದರೆ ಮಂದಿಗೆ ಸಮಾಧಾನ: ಸಾರಾಕ್ಕಾಗಿ ಅಲ್ಲ, ಸಾಲದ ವಸೂಲಿ ನಿಲ್ಲಬಹುದು, ಮಕ್ಕಳ ಪರೀಕ್ಷಾ ಶುಲ್ಕ ಮಾಫಿಯಾಗಬಹುದು ಅಂತ.

ಪ್ರಶ್ನೆ ಪೆಟ್ಟಿಗೆಯಲ್ಲಿ ಮೇಡಂ ಒಬ್ಬರು ಬರೆದಿದ್ದಾರೆ: ಹಾಗಾದರೆ ಈಗ ಕೃಷಿ ಆದಾಯಕ್ಕೆ ತೆರಿಗೆ ಹಾಕಬೇಕೋ ಬೇಡವೋ? ಮೇಡಂ, 1886ರ ವಿನಾಯಿತಿಗೆ ಸಾರಾ ಬೆಲೆಯಾಗಿತ್ತು. ಬೆಲೆ ಸವೆದುಹೋಯಿತು, ವಿನಾಯಿತಿ ಉಳಿಯಿತು. ನಮ್ಮ ತಾಲೂಕಿನಲ್ಲೇ ನೀರಿದ್ದವರ ದಾಳಿಂಬೆ, ದ್ರಾಕ್ಷಿ ತೋಟ ಇವೆ. ಮಗ್ಗುಲಲ್ಲೇ ಮಳೆ ನಂಬಿದ ಜೋಳ, ಸಜ್ಜೆ. ಕಾಯ್ದೆಗೆ ಎರಡೂ ಒಂದೇ. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಹೇಳಿದ ಕೃಷಿ ಹಿಡುವಳಿ ತೆರಿಗೆ ಇದಕ್ಕೇ ಉತ್ತರ ಹುಡುಕಿತ್ತು: ಆಯಾ ಪ್ರದೇಶದ ಹಲವು ವರ್ಷಗಳ ಇಳುವರಿಯಿಂದ ಹಿಡುವಳಿಗೆ ಬೆಲೆ ಕಟ್ಟಿ, ದೊಡ್ಡ ಹಿಡುವಳಿಗೆ ಹೆಚ್ಚು ದರ. ರಾಜ್ಯಗಳು ಅದನ್ನು ಎತ್ತಿಕೊಳ್ಳಲಿಲ್ಲ. ನಾನಾದರೆ ಅದಕ್ಕೆ ಕೈ ಎತ್ತುತ್ತೇನೆ, ಒಂದು ಷರತ್ತಿನ ಮೇಲೆ: ಕೆಳಗೆ ಮುಟ್ಟಬಾರದ ಮಿತಿ ಇರಬೇಕು.

ಯಾಕಂದರೆ ಆ ಮಿತಿ ಇಲ್ಲದ ತೆರಿಗೆ ಊರಲ್ಲಿ ಇನ್ನೂ ಉಂಟು, ಗ್ರಾಮಪಂಚಾಯಿತಿಯ ಘರಪಟ್ಟಿ. ಬೀದಿ ದೀಪ, ಗಟಾರಕ್ಕೆ ದುಡ್ಡು ಬೇಕು, ಅದು ನನಗೂ ಗೊತ್ತು. ಆದರೆ ದೀಪಾವಳಿ ಹೊತ್ತಿಗೆ ನಮ್ಮ ಕಡೆ ಎಷ್ಟೋ ಕುಟುಂಬ ಕಬ್ಬು ಕಡಿಯಲು ಪಶ್ಚಿಮಕ್ಕೆ ಹೋಗ್ತಾವ. ಐದಾರು ತಿಂಗಳು ಬಾಗಿಲಿಗೆ ಕೀಲಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಆ ಮನೆಯವರು ಎಲ್ಲೂ ಇಲ್ಲ. ಘರಪಟ್ಟಿಯ ವಹಿಯಲ್ಲಿ ಅವರ ಹೆಸರು ಬಾಕಿಯ ಸಾಲಿನಲ್ಲಿರುತ್ತದೆ.