ನುಡಿಗೊಂದು ವಿಂಡೋಸ್, ಪಾಠಕ್ಕೊಂದು ಲಿನಕ್ಸ್

ಲಿನಕ್ಸ್ ಹುಟ್ಟಿ ಮೂವತ್ತು ವರ್ಷ ದಾಟಿತು. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ, ವೈರಸ್ ಕಾಟ ಕಡಿಮೆ. ಆದರೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಅಂಗಡಿ, ಮನೆ, ಕಚೇರಿಗಳಲ್ಲಿ ವಿಂಡೋಸನ್ನು ಪೂರ್ತಿ ತೆಗೆದು ಲಿನಕ್ಸ್ ಹಾಕಿಕೊಂಡವರು ವಿರಳ. ಇದಕ್ಕೆ ಜನರ ಸೋಮಾರಿತನ ಕಾರಣವಲ್ಲ. ಮದುವೆ ಕರೆಯೋಲೆ ಪೇಜ್‌ಮೇಕರ್‌ನಲ್ಲಿದೆ, ಅರ್ಜಿ ನಮೂನೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿದೆ, ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿದೆ. ಮೂರೂ ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಇತ್ತ ಅದೇ ಮನೆಯ ಮಗಳು ಎಂಜಿನಿಯರಿಂಗ್ ಓದುತ್ತಿದ್ದರೆ ಅವಳ ಪ್ರಯೋಗಾಲಯದ ಅಭ್ಯಾಸಕ್ಕೆ ಲಿನಕ್ಸ್ ಬೇಕು. ಮನೆಯಲ್ಲಿರುವುದು ಒಂದೇ ಡೆಸ್ಕ್‌ಟಾಪ್. ಇಂಥ ಮನೆಗಳಲ್ಲಿ ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡು ಬೇಕಾದ್ದನ್ನು ಎಬ್ಬಿಸುವುದು, ಹವ್ಯಾಸವಲ್ಲ, ಅಗತ್ಯ. ಹಳೆಯ ಕೆಲಸ ನಿಲ್ಲಬಾರದು, ಹೊಸದೂ ಸಾಗಬೇಕು. ಈ ತಂತ್ರದ ಬೆಳವಣಿಗೆಯನ್ನು ಹಿಂದಿರುಗಿ ನೋಡಿದಾಗ ನನಗೆ ಮುಖ್ಯವಾಗಿ ಕಾಣುವುದು ಇದೇ.

ಕಥೆಯ ಬೇರು 1983ರಲ್ಲಿದೆ. ಐಬಿಎಂ ತನ್ನ ಪಿಸಿ ಎಕ್ಸ್‌ಟಿಗೆ ಹಾರ್ಡ್ ಡಿಸ್ಕ್ ಕೂಡಿಸಿದಾಗ, ಜೊತೆಗೆ ಬಂದ ಡಾಸ್ 2.0 ಆ ಡಿಸ್ಕನ್ನು ಭಾಗ ಮಾಡುವ ಒಂದು ಕ್ರಮ ತಂದಿತು. ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳೇ ಮಾಸ್ಟರ್ ಬೂಟ್ ರೆಕಾರ್ಡ್. ಅದರಲ್ಲಿ 446 ಬೈಟ್ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂಗೆ, 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಉಳಿದ ಎರಡು ಬೈಟ್ ಗುರುತಿಗೆ. ಪಟ್ಟಿಯಲ್ಲಿ ನಾಲ್ಕೇ ನಮೂದು. ಇದು ಡಿಸ್ಕ್‌ನ ಪಹಣಿ ಎನ್ನಬಹುದು: ಯಾವ ತುಂಡು ಎಲ್ಲಿಂದ ಎಲ್ಲಿಯವರೆಗೆ, ಯಾರ ಅನುಭವದಲ್ಲಿದೆ ಎಂಬುದು ಅಲ್ಲಿರುತ್ತದೆ. ಪಹಣಿ ಕೆಟ್ಟರೆ ಜಮೀನು ಎಲ್ಲೂ ಹೋಗುವುದಿಲ್ಲ. ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶ ಡಿಸ್ಕನ್ನು ಉದ್ದಕ್ಕೂ ಓದಿ ಗಡಿಗಳನ್ನು ಮತ್ತೆ ಗುರುತಿಸುತ್ತದೆ. ಪಾರ್ಟಿಷನ್ ಕಾಣುತ್ತಿಲ್ಲವೆಂದು ಗಾಬರಿಬಿದ್ದು ಡಿಸ್ಕ್ ಫಾರ್ಮ್ಯಾಟ್ ಮಾಡಿಸಿಕೊಂಡವರಿಗೆ ಈ ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ಕುಟುಂಬಗಳ ಫೋಟೊಗಳು ಉಳಿಯುತ್ತಿದ್ದವು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದ ಮೇಲೆ ಅದನ್ನು ಡಾಸ್ ಪಕ್ಕದಲ್ಲಿ ಕೂರಿಸುವ ಪ್ರಶ್ನೆ ಬಂತು. ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ ಎಂಬ ಬೂಟ್‌ಲೋಡರ್, ಅಂದರೆ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಂ, ಬಹುಕಾಲ ಅದಕ್ಕೆ ಉತ್ತರವಾಗಿತ್ತು. ಲಿಲೋಗೆ ಕಡತ ವ್ಯವಸ್ಥೆಯನ್ನು ಓದಲು ಬರುತ್ತಿರಲಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಡಿಸ್ಕ್‌ನ ಯಾವ ಯಾವ ಜಾಗದಲ್ಲಿದೆ ಎಂಬುದನ್ನು ಅದು ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಿಸಿ ಲಿಲೋವನ್ನು ಮತ್ತೊಮ್ಮೆ ಓಡಿಸಲು ಮರೆತರೆ ಮಾರನೆಯ ಬೆಳಿಗ್ಗೆ ಯಂತ್ರ ಏಳುತ್ತಿರಲಿಲ್ಲ. ಯಂತ್ರ ಏಳುವಾಗ ಮೊದಲು ಓಡುವ ಬಯಾಸ್‌ಗೆ 1024 ಸಿಲಿಂಡರ್‌ನಿಂದಾಚೆ ಕಣ್ಣು ಹಾಯುತ್ತಿರಲಿಲ್ಲವಾದ್ದರಿಂದ, ದೊಡ್ಡ ಡಿಸ್ಕ್‌ಗಳಲ್ಲಿ ಬೂಟ್ ಕಡತಗಳನ್ನು ಆರಂಭದ ಸುಮಾರು 8 ಜಿಬಿಯೊಳಗೇ ಇಡಬೇಕಿತ್ತು.

ನಮ್ಮ ಕಡೆಗೆ ಲಿನಕ್ಸ್ ಬಂದದ್ದು ಅಂತರ್ಜಾಲದ ಮೂಲಕವಲ್ಲ, ಪತ್ರಿಕೆಯ ಸಿಡಿಯ ಮೂಲಕ. 1990ರ ದಶಕದ ಮಧ್ಯದಿಂದ ಪಿಸಿಕ್ವೆಸ್ಟ್ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿಡಿ ಕೊಡತೊಡಗಿತು. ಅದರ ಹಿಂದೆ ದುಡಿದವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಖ್ಯರು. ಡಯಲ್‌ಅಪ್‌ನಲ್ಲಿ ನೂರಾರು ಎಂಬಿ ಇಳಿಸಿಕೊಳ್ಳುವುದು ಕನಸಾಗಿದ್ದ ಕಾಲದಲ್ಲಿ ಆ ಸಿಡಿ ಕೈಯಿಂದ ಕೈಗೆ ಹೋಯಿತು. ಅದೇ ಬಳಗದ ಶ್ರಮದಿಂದ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತು. ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೂ ನಡೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಯಂತ್ರ ಜೋಡಿಸಿಕೊಳ್ಳಲು ರಾಮನಗರದಿಂದ ಬೆಳಗಿನ ರೈಲು ಹಿಡಿದು ಹೋಗಿ ಸಂಜೆಗೆ ವಾಪಸಾಗಬಹುದು. ಈ ಹತ್ತಿರದಿಂದಾಗಿ ರಾಜಧಾನಿಯಲ್ಲಿ ಏನೇ ಬಂದರೂ ನಮ್ಮ ತಾಲ್ಲೂಕುಗಳಿಗೆ ಬೇಗ ಮುಟ್ಟುತ್ತಿತ್ತು.

ಆದರೆ ಅನುಸ್ಥಾಪನೆ ಕಷ್ಟದ್ದೇ. ಇರುವ ವಿಂಡೋಸ್ ಪಾರ್ಟಿಷನ್ ಕುಗ್ಗಿಸಲು ಮೊದಲು ಡಿಫ್ರ್ಯಾಗ್ ಮಾಡಿ, ಆಮೇಲೆ ಡಾಸ್‌ನಿಂದ ಫಿಪ್ಸ್ ಎಂಬ ಪುಟ್ಟ ಸಾಧನ ಓಡಿಸಬೇಕಿತ್ತು. ನಡುವೆ ಕರೆಂಟ್ ಹೋದರೆ ಇದ್ದ ವಿಂಡೋಸೂ ಕೆಡಬಹುದಿತ್ತು. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ಗ್ರಬ್ ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ಅದು ಕಡತ ವ್ಯವಸ್ಥೆಯನ್ನು ತಾನೇ ಓದಬಲ್ಲದು, ಕರ್ನಲ್ ಹೆಸರು ಕೊಟ್ಟರೆ ಹುಡುಕಿಕೊಳ್ಳುತ್ತದೆ. ಉಬುಂಟು ಎಂಬ ಲಿನಕ್ಸ್ ವಿತರಣೆಯ 2009ರ 9.10 ಆವೃತ್ತಿಯ ಹೊತ್ತಿಗೆ ಅದರ ಎರಡನೆಯ ಅವತಾರ ಬಳಕೆಗೆ ಬಂದಿತ್ತು. ಪರದೆಯ ಮೇಲೆ ಪಟ್ಟಿ ಮೂಡುತ್ತದೆ, ಬಾಣದ ಗುಂಡಿಯಿಂದ ಆರಿಸಿಕೊಳ್ಳಬಹುದು.

ಬಿಟ್ಟುಹೋಗದ ಒಂದು ತೊಂದರೆ ಎಂದರೆ ವಿಂಡೋಸ್ ಮರುಅನುಸ್ಥಾಪನೆ. ವೈರಸ್ ಬಂದರೆ ‘ಸಿಸ್ಟಂ ಫಾರ್ಮ್ಯಾಟ್ ಮಾಡಿಸಿ’ ಎಂಬುದು ಊರೂರಿನ ಪರಿಹಾರವಾಗಿತ್ತು. ಹಾಗೆ ಹಾಕಿದ ವಿಂಡೋಸ್ ಡಿಸ್ಕ್‌ನ ಮೊದಲ ಸೆಕ್ಟರನ್ನು, ಅಂದರೆ ಮಾಸ್ಟರ್ ಬೂಟ್ ರೆಕಾರ್ಡನ್ನು, ಯಾರನ್ನೂ ಕೇಳದೆ ತನ್ನದಾಗಿಸಿಕೊಳ್ಳುತ್ತಿತ್ತು. ಪಕ್ಕದ ಲಿನಕ್ಸ್ ಡಿಸ್ಕ್‌ನಲ್ಲಿ ಹಾಗೇ ಇದ್ದರೂ ಅದಕ್ಕೆ ದಾರಿ ಇರುತ್ತಿರಲಿಲ್ಲ. ಆದ್ದರಿಂದ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಕ್ರಮ ಗಟ್ಟಿಯಾಯಿತು.

ಈ ಜ್ಞಾನ ಇಲ್ಲಿ ಹರಡಿದ್ದರಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಪಾತ್ರ ದೊಡ್ಡದು. ರಾಮನಗರದಲ್ಲಿ ಘೌಸಿಯಾ ಕಾಲೇಜು 1980ರಿಂದ ಇದೆ. ಜಿಲ್ಲೆ ರಚನೆಯಾದ 2007ರಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಬಂತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಶೆಲ್, ಲೆಕ್ಸ್, ಯಾಕ್ ಅಭ್ಯಾಸಗಳಿಗೆ ಯುನಿಕ್ಸ್ ಮಾದರಿಯ ವ್ಯವಸ್ಥೆ ಬೇಕಿತ್ತು, ಬೇರೆ ವಿಷಯಗಳಿಗೆ ವಿಂಡೋಸ್. ವಿಟಿಯು ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಫೆಡೋರಾ ಅಥವಾ ಉಬುಂಟು ವಿಂಡೋಸ್ ಜೊತೆ ನಿಂತದ್ದು ಹೀಗೆ. 2005ರಿಂದ 2011ರವರೆಗೆ ಉಬುಂಟು ತಯಾರಿಸುವ ಕೆನಾನಿಕಲ್ ಸಂಸ್ಥೆ ಅದರ ಸಿಡಿಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿತ್ತು. 2008ರ ಉಬುಂಟು 8.04ರೊಂದಿಗೆ ಬಂದ ವೂಬಿ, ಪಾರ್ಟಿಷನ್ ಮುಟ್ಟದೆ ವಿಂಡೋಸ್ ಒಳಗಿನ ಒಂದು ಕಡತದಲ್ಲೇ ಉಬುಂಟು ಕೂರಿಸಿತು. ಮನೆಯ ಯಂತ್ರಕ್ಕೆ ಏನಾದರೂ ಆದರೆ ಅಪ್ಪ ಬೈಯುತ್ತಾರೆಂಬ ಭಯವಿದ್ದ ವಿದ್ಯಾರ್ಥಿಗಳಿಗೆ ಅದು ವರವಾಗಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. 2009ರಲ್ಲಿ ರೂಪುಗೊಂಡ ಕರ್ನಾಟಕ ಮುಕ್ತ ತಂತ್ರಾಂಶ ಚಳವಳಿಯ ಶಿಬಿರಗಳೂ ರಾಜ್ಯದ ಅನೇಕ ವಿದ್ಯಾರ್ಥಿಗಳಿಗೆ ಈ ವಿದ್ಯೆ ಕಲಿಸಿದವು.

ಇಷ್ಟೆಲ್ಲ ಸುಲಭವಾದ ಮೇಲೂ ಡಿಟಿಪಿ ಅಂಗಡಿಗಳು ವಿಂಡೋಸನ್ನೇ ಏಕೆ ಹಿಡಿದುಕೊಂಡವು ಎಂಬುದಕ್ಕೆ ಉತ್ತರ ಬೂಟ್‌ಲೋಡರ್‌ನಲ್ಲಿಲ್ಲ, ಕನ್ನಡ ಅಕ್ಷರದಲ್ಲಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಸರ್ಕಾರಿ ಕಚೇರಿಗಳ ತಂತ್ರಾಂಶವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಶ್ರೀಲಿಪಿ, ಪ್ರಕಾಶಕ್ ಮುದ್ರಣದವರ ಕೈಯಲ್ಲಿದ್ದವು. ಇವುಗಳ ಹಳೆಯ ಫಾಂಟ್‌ಗಳು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಇಟ್ಟಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟನ್ನು ಲಿನಕ್ಸ್‌ಗೆ ನಕಲು ಮಾಡಿದರೆ ಓದಬಹುದು, ಮುದ್ರಿಸಬಹುದು. ಆದರೆ ಟೈಪ್ ಮಾಡಲು ನುಡಿಯ ಎಂಜಿನ್ ಬೇಕು, ಅದು ವಿಂಡೋಸ್‌ನದು.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಕೊಟ್ಟಿತು. ಲಿನಕ್ಸ್ ಕಡೆ ಕೇದಗೆ, ಮಲ್ಲಿಗೆ, ಲೋಹಿತ್, ಗುಬ್ಬಿ, ನವಿಲು ಬಂದವು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೀಲಿಮಣೆ ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ, ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಆದರೂ ಪುಟವಿನ್ಯಾಸದ ಬಾಗಿಲು ಮುಚ್ಚಿಯೇ ಇತ್ತು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಬಾರದು. ಮುಕ್ತ ತಂತ್ರಾಂಶವಾದ ಸ್ಕ್ರೈಬಸ್‌ಗೆ ಒತ್ತಕ್ಷರ ಸರಿಯಾಗಿ ಕೂಡಿಸುವ ಶಕ್ತಿ ಇರಲಿಲ್ಲ. ಆ ಶಕ್ತಿ ಸ್ಥಿರ ಆವೃತ್ತಿಗೆ ಬಂದದ್ದು 2024ರ ಜನವರಿಯ 1.6ರಲ್ಲಿ. ಅಂದರೆ ಎರಡು ದಶಕಕ್ಕೂ ಹೆಚ್ಚು ಕಾಲ ಕನ್ನಡದ ಆಹ್ವಾನಪತ್ರಿಕೆ ಮಾಡುವವನಿಗೆ ಲಿನಕ್ಸ್‌ನಲ್ಲಿ ನೆಚ್ಚಬಹುದಾದ ಪುಟವಿನ್ಯಾಸದ ಸಾಧನವೇ ಇರಲಿಲ್ಲ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಬರೆದಿದ್ದಾರೆ. ಅರ್ಕಾವೊತ್ತು ಹಳೆಯ ಫಾಂಟ್‌ನಲ್ಲಿ ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಮೊದಲು. ಅದನ್ನೂ ಅವು ಸರಿಪಡಿಸುತ್ತವೆ. ಈ ಕೆಲಸಕ್ಕೆ ಸಂಬಳ ಕೊಟ್ಟವರಿಲ್ಲ. ಕನ್ನಡದ ಗಣಕ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸೇವೆ ಇಷ್ಟು ಕಡಿಮೆ ಮನ್ನಣೆ ಪಡೆದದ್ದು ನೋವಿನ ಸಂಗತಿ.

ಗಡಿಯಾಚೆ ಬೇರೆ ದಾರಿಯೂ ತೆರೆಯಿತು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಲ್ಲಿ ವಿಂಡೋಸ್ ಬಿಟ್ಟು ಮುಕ್ತ ತಂತ್ರಾಂಶಕ್ಕೇ ನಿಂತಿತು, 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಹೀಗಾಗಿ ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್‌ನಲ್ಲೇ ಗಣಕಪಾಠ ಕಲಿಯುತ್ತಾರೆ, ಅವರ ಪಠ್ಯಪುಸ್ತಕ ಕನ್ನಡದಲ್ಲಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಪರಿಚಯಿಸಿತು, ಮುಕ್ತ ಶೈಕ್ಷಣಿಕ ಸಂಪನ್ಮೂಲಗಳನ್ನು ಕನ್ನಡದಲ್ಲಿ ಕಟ್ಟಿತು. ಶಾಲೆಯಲ್ಲಿ ಒಂದೇ ವ್ಯವಸ್ಥೆ ಸಾಕಾಗಬಹುದು. ನುಡಿಯ ಹಳೆಯ ಕಡತಗಳ ಹೊರೆ ಹೊತ್ತ ಅಂಗಡಿಗೆ ಸಾಕಾಗದು.

ಮತ್ತೊಂದು ದೊಡ್ಡ ತಿರುವು ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ. ಹಳೆಯ ಪಟ್ಟಿಗೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಅಳೆಯಲು ಆಗುತ್ತಿರಲಿಲ್ಲ, ಹೊಸ ಜಿಪಿಟಿ ಆ ಮಿತಿ ತೆಗೆಯಿತು. ವ್ಯವಸ್ಥೆಗಳ ಬೂಟ್ ಕಡತಗಳು ಈಗ ಇಎಫ್‌ಐ ಪಾರ್ಟಿಷನ್ ಎಂಬ ಒಂದು ಫ್ಯಾಟ್ ಪಾರ್ಟಿಷನ್‌ನಲ್ಲಿ ಬೇರೆ ಬೇರೆ ಫೋಲ್ಡರ್‌ಗಳಲ್ಲಿರುತ್ತವೆ. ಮೊದಲ ಸೆಕ್ಟರ್‌ಗಾಗಿ ಜಗಳ ಮುಗಿಯಿತು. ಆದರೆ 2012ರ ವಿಂಡೋಸ್ 8ರ ಜೊತೆಗೆ ಸೆಕ್ಯೂರ್ ಬೂಟ್ ಬಂದು, ಸಹಿ ಇಲ್ಲದ ಬೂಟ್‌ಲೋಡರ್ ಓಡದಂತಾಯಿತು. ಮ್ಯಾಥ್ಯೂ ಗ್ಯಾರೆಟ್ ರೂಪಿಸಿದ, ಮೈಕ್ರೋಸಾಫ್ಟ್ ಸಹಿ ಪಡೆದ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಲಿನಕ್ಸ್‌ಗೆ ದಾರಿ ಮಾಡಿತು. ಒಬ್ಬರ ಸಹಿಯ ಮೇಲೆ ಎಲ್ಲರೂ ನಿಲ್ಲುವುದರ ಅಪಾಯ 2024ರ ಆಗಸ್ಟ್‌ನಲ್ಲಿ ಕಂಡಿತು. ಹಳೆಯ, ದೋಷವಿದ್ದ ಬೂಟ್‌ಲೋಡರ್‌ಗಳನ್ನು ತಡೆಯಲು ಬಂದ ವಿಂಡೋಸ್ ಅಪ್‌ಡೇಟ್‌ನಿಂದಾಗಿ ಲೋಕದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ.

ವಿಂಡೋಸ್ 8 ತಂದ ಫಾಸ್ಟ್ ಸ್ಟಾರ್ಟಪ್ ಇನ್ನೊಂದು ಬಲೆ. ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚದೆ ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಡಿ ಡ್ರೈವ್‌ಗೆ ಬರೆಯಲು ಹೋದರೆ ಅನುಮತಿ ಸಿಗುವುದಿಲ್ಲ, ಬಲವಂತ ಮಾಡಿದರೆ ಕಡತ ಕೆಡಬಹುದು. ಅದನ್ನು ನಿಲ್ಲಿಸಿಯೇ ಮುಂದುವರಿಯಬೇಕು. ಗಡಿಯಾರದ ಗೊಂದಲವೂ ಇದೆ: ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಭಾರತೀಯ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಗ್ರೀನಿಚ್ ಸಮಯವೆಂದು ಓದಿ ಐದೂವರೆ ಗಂಟೆ ಕೂಡಿಸುತ್ತದೆ. ಸಂಜೆ 7ಕ್ಕೆ ತೆರೆದರೆ ಪರದೆಯಲ್ಲಿ ಮರುದಿನದ 12:30. ಅಂತರ್ಜಾಲದಿಂದ ಲಿನಕ್ಸ್ ಅದನ್ನು ತಿದ್ದಿಕೊಂಡರೆ, ಆಮೇಲೆ ವಿಂಡೋಸ್ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಬಿಲ್ಲಿನ ಮೇಲೆ ದಿನಾಂಕ ಹಾಕುವ ಅಂಗಡಿಗೆ ಇದು ಸಣ್ಣ ವಿಷಯವಲ್ಲ. ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದೇ ಓದು ಎಂದು ಲಿನಕ್ಸ್‌ಗೆ ಒಮ್ಮೆ ಹೇಳಿದರೆ ಸಾಕು.

ಇಷ್ಟೂ ಅನುಭವದಿಂದ ಈ ಕ್ಷೇತ್ರ ಕೊನೆಗೆ ತಲುಪಿದ ನಿಲುವು ಸರಳ, ಡೆಸ್ಕ್‌ಟಾಪ್ ಇದ್ದವರಿಗಂತೂ ನಾನು ಅದನ್ನೇ ಒತ್ತಿ ಹೇಳುತ್ತೇನೆ: ಎರಡು ವ್ಯವಸ್ಥೆಗೆ ಎರಡು ಡಿಸ್ಕ್. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಜಾಗ ಸಾಲದು, ಡೆಸ್ಕ್‌ಟಾಪ್‌ನಲ್ಲಿ ಇದೆ. ವಿಂಡೋಸ್ ಡಿಸ್ಕ್‌ನ ತಂತಿ ಬಿಚ್ಚಿಟ್ಟು, ಹೊಸ ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ ಉಬುಂಟು ಹಾಕಿ. ಅದಕ್ಕೆ 25 ಜಿಬಿ ಸಾಕೆಂದು ತಯಾರಕರು ಹೇಳಿದರೂ ನೆಮ್ಮದಿಗೆ ಅದರ ಮೂರು ಪಟ್ಟು ಇರಲಿ. ಆಮೇಲೆ ಹಳೆಯ ಡಿಸ್ಕ್ ಮತ್ತೆ ಜೋಡಿಸಿ, ಯಂತ್ರ ಏಳುವಾಗ ಮದರ್‌ಬೋರ್ಡ್ ಹೇಳುವ ಗುಂಡಿ ಒತ್ತಿ ಬೇಕಾದ್ದನ್ನು ಆರಿಸಿ. ಒಂದರ ಬೂಟ್ ಕಡತ ಇನ್ನೊಂದರ ಡಿಸ್ಕ್‌ಗೆ ಹೋಗುವುದೇ ಇಲ್ಲ. ಒಂದೇ ಡಿಸ್ಕ್‌ನಲ್ಲಿ ಮಾಡಲೇಬೇಕಾದರೆ ಯುಪಿಎಸ್ ಇಲ್ಲದೆ ಪಾರ್ಟಿಷನ್ ಕುಗ್ಗಿಸಬೇಡಿ. ಮಳೆಗಾಲದ ಸಂಜೆ ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ವಿಂಡೋಸ್ 11 ಇದ್ದರೆ, ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್‌ನ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಬಯಾಸ್ ಮುಟ್ಟಿ.

ವಿದ್ಯಾರ್ಥಿಗಳಿಗೆ ಈಗ ವರ್ಚುವಲ್‌ಬಾಕ್ಸ್ ಇದೆ, 2016ರಿಂದ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯವೂ ಇದೆ. ಪ್ರಯೋಗಾಲಯದ ಅಭ್ಯಾಸಕ್ಕೆ ಅವು ಸಾಕು. ಸಾಲದ ಕಡೆಯೂ ಇದೆ. ಮರ ಕೊರೆಯುವ ಯಂತ್ರಗಳನ್ನು ನಡೆಸುವ ಲಿನಕ್ಸ್‌ಸಿಎನ್‌ಸಿಗೆ ಪ್ರತಿ ಮೋಟಾರ್ ಸಂಕೇತ ಹೊತ್ತಿಗೆ ಸರಿಯಾಗಿ ಹೋಗಬೇಕು, ಅದನ್ನು ವರ್ಚುವಲ್ ಯಂತ್ರದೊಳಗೆ ನಡೆಸಲಾಗದು. ಚಿತ್ರ ಬಿಡಿಸಲು ವಿಂಡೋಸ್‌ನ ಕೋರೆಲ್‌ಡ್ರಾ ಬೇಕು, ಕಡೆಯಲು ಲಿನಕ್ಸ್ ಬೇಕು ಎನ್ನುವ ಕಾರ್ಯಾಗಾರಕ್ಕೆ ಒಂದೇ ಯಂತ್ರವಿದ್ದರೆ ಡ್ಯುಯಲ್ ಬೂಟ್ ಬಿಟ್ಟು ಗತಿಯಿಲ್ಲ. ಆಲೆಮರದ ಬೊಂಬೆ ಕಡೆಯುವ ಚನ್ನಪಟ್ಟಣದಂಥ ಊರಿನಲ್ಲಿ ಈ ಜೋಡಣೆ ತಿಳಿದ ಯುವಕರು ಇನ್ನೂ ಹೆಚ್ಚಬೇಕೆಂಬುದು ನನ್ನ ಆಸೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಅಂಥ ಯಂತ್ರ ಇಟ್ಟುಕೊಂಡ ಅಂಗಡಿಯವರು ಅದನ್ನು ಗುಜರಿಗೆ ಹಾಕಬೇಕಿಲ್ಲ. ಅಂತರ್ಜಾಲದ ಕೆಲಸವನ್ನೆಲ್ಲ ಲಿನಕ್ಸ್‌ಗೆ ಕೊಟ್ಟು, ವಿಂಡೋಸ್‌ನಲ್ಲಿ ನೆಟ್‌ವರ್ಕ್ ನಿಲ್ಲಿಸಿ, ಅದನ್ನು ನುಡಿ ಮತ್ತು ಪೇಜ್‌ಮೇಕರ್‌ಗಷ್ಟೇ ಉಳಿಸಿಕೊಳ್ಳಬಹುದು. ಬಿಡುವಾದಾಗ ಹಳೆಯ ಕಡತಗಳನ್ನು ಒಂದೊಂದಾಗಿ ಯುನಿಕೋಡ್‌ಗೆ ತಿರುಗಿಸಿ, ಸ್ಕ್ರೈಬಸ್‌ನಲ್ಲಿ ಕೂರಿಸಿ ನೋಡಬಹುದು. ಮೊದಲು ಹೆಚ್ಚು ಬೇಡಿಕೆಯಿರುವ ಕರೆಯೋಲೆಯ ಮಾದರಿಗಳು, ಆಮೇಲೆ ಕರಾರುಪತ್ರಗಳು, ಕೊನೆಗೆ ಉಳಿದದ್ದು.