ಕೆಂಡದ ನೆನಪಿನ ಮೇಜು

ಚಳಿಗಾಲದ ರಾತ್ರಿ ಅಂದ್ರೆ ನನಗೆ ಇವತ್ತಿಗೂ ಅಜ್ಜಿ ಮನೆಯ ಬಚ್ಚಲೊಲೆ ನೆನಪು. ಹಂಡೆ ಮುಂದೆ ಮಕ್ಕಳೆಲ್ಲ ಒತ್ತಿಕೊಂಡು ಕೂತು ಕೈಕಾಲು ಕಾಯಿಸ್ತಿದ್ವಿ. ಜಪಾನಿನಲ್ಲಿ ಹಾಗೆ ಎಲ್ಲರನ್ನೂ ಸೇರಿಸಿದ್ದು ಒಂದು ಗಿಡ್ಡ ಮೇಜು. ಹೆಸರು ಕೊತಾತ್ಸು.

ಮುರೊಮಾಚಿ ಕಾಲದಲ್ಲಿ, ಅಂದ್ರೆ 14ರಿಂದ 16ನೇ ಶತಮಾನದ ನಡುವೆ, ನೆಲದೊಲೆಯ ಕೆಂಡದ ಮೇಲೆ ಮರದ ಚೌಕಟ್ಟು ಇಟ್ಟು ರಜಾಯಿ ಹೊದಿಸೋದು ಶುರುವಾಯ್ತು. ಇಡೀ ಮನೆ ಬಿಸಿ ಮಾಡೋದು ಬೇಡ, ಕಾಲು ಬೆಚ್ಚಗಿದ್ರೆ ಸಾಕು. ಆದ್ರೆ ಇದ್ದಿಲು ಅಂದ್ಮೇಲೆ ಬೆಂಕಿಯ ಭಯ, ವಿಷಗಾಳಿಯ ಭಯ ಎರಡೂ ಇದ್ದವು.

1957ರಲ್ಲಿ ತೋಷಿಬಾ ಕಂಪನಿ ಕರೆಂಟಿನ ಹೀಟರನ್ನು ಮೇಜಿನ ಹಲಗೆಯ ಅಡಿಗೇ ತಗುಲಿಸಿತು. ಕಾಲು ಚಾಚೋಕೆ ಜಾಗ ಸಿಕ್ತು. ಆದ್ರೂ ಜನರಿಗೆ ಅನುಮಾನ: ಬೆಳಕು ಬೆಳ್ಳಗಿದೆ, ಇದು ನಿಜಕ್ಕೂ ಬಿಸಿಯಾಗುತ್ತಾ? 1960ರಲ್ಲಿ ಅದನ್ನ ಕೆಂಪು ಮಾಡಿದ್ರು. ಭಾರಿ ಮಾರಾಟವಾಯ್ತು! ಬಿಸಿ ಕೊಡೋಕೆ ಆ ಕೆಂಪು ಬೇಕಿರಲಿಲ್ಲ, ಕೆಂಡ ನೋಡಿ ರೂಢಿಯಾಗಿದ್ದ ಕಣ್ಣಿಗೆ ಬೇಕಿತ್ತು.

ನಮ್ಮಲ್ಲಿ ಗೀಸರ್ ಬಂತು. ಅಜ್ಜಿಗೆ ಹೊಗೆಯ ಕಣ್ಣುರಿ ತಪ್ಪಿತು, ಒಳ್ಳೇದೇ ಆಯ್ತು. ಆದ್ರೆ ಎಲ್ಲರೂ ಒಂದೇ ಕಡೆ ಕೂರೋಕಿದ್ದ ನೆಪವೂ ಹೋಯ್ತು. ಕೊತಾತ್ಸು ಇದ್ದಿಲು ಬಿಟ್ಟಿತು, ಆ ನೆಪ ಉಳಿಸಿಕೊಂಡಿತು.