ಬೇಟೆಗಾರರ ಲೆಕ್ಕ, ವಿಜ್ಞಾನಿಗಳ ಲೆಕ್ಕ

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲಾಸ್ಕಾದ ಇನುಪಿಯಾಟ್ ಜನರ ಬೋಹೆಡ್ ತಿಮಿಂಗಿಲ ಬೇಟೆಗೆ ನಿಷೇಧ ಹೇರಿತು. ಇನುಪಿಯಾಟರೆಂದರೆ ಇನುಯಿಟ್ ಬಳಗದ ಅಲಾಸ್ಕಾ ಕವಲು. ತಿಮಿಂಗಿಲ ಅವರಿಗೆ ಊಟವೂ ಹೌದು, ಹಬ್ಬವೂ ಹೌದು. ಉಳಿದಿರುವ ತಿಮಿಂಗಿಲಗಳು ಎರಡು ಸಾವಿರ ದಾಟುವುದಿಲ್ಲ ಎಂಬುದು ವಿಜ್ಞಾನಿಗಳ ಅಂದಾಜು. ಪ್ರತಿಭಟನೆಯ ನಂತರ ಸಣ್ಣದೊಂದು ಕೋಟಾ ಸಿಕ್ಕಿತು. ಆದರೆ ಜಗಳವಿದ್ದದ್ದು ಲೆಕ್ಕದಲ್ಲಿ.

ಆಗಿನ ಎಣಿಕೆ ಸರಳ. ಅಲಾಸ್ಕಾದ ಬ್ಯಾರೋ ಊರಿನಾಚೆ ಹಿಮದ ದಿಬ್ಬವೇರಿ ಕೂರುವುದು, ಕಡಲಿನ ಹಿಮ ಬಿರಿದು ತೆರೆದುಕೊಂಡ ನೀರಿನ ಸೀಳಿನಲ್ಲಿ ಹಾದುಹೋಗುವ ತಿಮಿಂಗಿಲಗಳನ್ನು ಕಣ್ಣಳತೆಯಲ್ಲಿ ಎಣಿಸುವುದು. ಸೀಳು ಮುಚ್ಚಿತೋ, ಎಣಿಕೆಯೂ ನಿಂತಿತು. ಬೇಟೆಗಾರರು ಹೇಳಿದ್ದೇ ಬೇರೆ: ಸೀಳು ಮುಚ್ಚಿದರೂ ತಿಮಿಂಗಿಲ ನಿಲ್ಲುವುದಿಲ್ಲ, ಹಿಮದಡಿಯಲ್ಲೇ ಈಜುತ್ತದೆ, ಉಸಿರಿಗಾಗಿ ನೆತ್ತಿಯಿಂದ ಹಿಮವನ್ನು ಗುದ್ದಿ ಒಡೆಯುತ್ತದೆ, ಇನ್ನೆಷ್ಟೋ ಕಣ್ಣಿಗೆ ನಿಲುಕದಷ್ಟು ದೂರದಲ್ಲಿ ಸಾಗುತ್ತವೆ. ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಇದನ್ನೆಲ್ಲ ವಿಜ್ಞಾನಿ ಟಾಮ್ ಆಲ್ಬರ್ಟ್‌ಗೆ ಬಿಡಿಸಿ ಹೇಳಿದರು. ಆಲ್ಬರ್ಟ್ ಕಿವಿಗೊಟ್ಟರು. 1980ರ ದಶಕದಲ್ಲಿ ನೀರಿನಡಿಯ ದನಿ ಹಿಡಿಯುವ ಹೈಡ್ರೋಫೋನ್ ಇಳಿಬಿಟ್ಟಾಗ, ಬರಿ ಹಿಮವೇ ಕಾಣುವ ಕಡೆ ತಿಮಿಂಗಿಲಗಳ ದನಿ ಕೇಳಿಸಿತು. ಅಂದಾಜು ಏಳು ಸಾವಿರ ದಾಟಿತು. 2011ರ ಎಣಿಕೆಗೆ ಹದಿನಾರು ಸಾವಿರವೂ ಮೀರಿತು.

ನನ್ನ ಮಟ್ಟಿಗೆ ಆರ್ಕ್ಟಿಕ್ ವಿಜ್ಞಾನ ಮಗ್ಗುಲು ಬದಲಿಸಿದ್ದು ಇಲ್ಲಿ. ಅದಕ್ಕೆ ಮೊದಲು ಸುಮಾರು ನೂರು ವರ್ಷ ಇನುಯಿಟರು ದಾರಿ ತೋರುವವರು, ನಾಯಿಬಂಡಿ ಹೊಡೆಯುವವರು, ಅಷ್ಟೇ. 1882–83ರ ಮೊದಲ ಅಂತರರಾಷ್ಟ್ರೀಯ ಧ್ರುವ ವರ್ಷದಲ್ಲಿ ಆರ್ಕ್ಟಿಕ್ ಸುತ್ತ ಹನ್ನೆರಡು ಕೇಂದ್ರಗಳು ಎದ್ದವು. ಉಷ್ಣಾಂಶ, ಗಾಳಿ, ಭೂಕಾಂತತೆ ಎಲ್ಲವೂ ದಾಖಲಾದವು. ಜರ್ಮನ್ ಕೇಂದ್ರವಿದ್ದ ಬಾಫಿನ್ ದ್ವೀಪಕ್ಕೆ ಮರುವರ್ಷ ನಕ್ಷೆ ಬಿಡಿಸಲು ಬಂದ ಫ್ರಾನ್ಜ್ ಬೋವಾಸ್, ಇನುಯಿಟರ ಜೊತೆಗಿದ್ದು ಮಾನವಶಾಸ್ತ್ರದ ಕಡೆ ಹೊರಳಿದರು.

ಮುಂದೆ ಉಪಕರಣಗಳ ಕಾಲ. 1966ರಲ್ಲಿ ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿ ಎಂಬ ಅಮೆರಿಕನ್ ಸೇನಾ ಶಿಬಿರದಲ್ಲಿ ಕೊರೆತ ಸುಮಾರು 1,390 ಮೀಟರ್ ಇಳಿದು ಹಿಮದ ತಳ ಮುಟ್ಟಿತು. ಡೆನ್ಮಾರ್ಕಿನ ವಿಜ್ಞಾನಿ ವಿಲ್ಲಿ ಡಾನ್ಸ್‌ಗಾರ್ಡ್ ಆ ಹಿಮದ ಆಮ್ಲಜನಕ ಐಸೋಟೋಪುಗಳಿಂದ ಲಕ್ಷ ವರ್ಷಗಳಷ್ಟು ಹಿಂದಿನ ಹವಾಮಾನವನ್ನು ಓದಿದರು. ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಶಿಬಿರಕ್ಕೆ ಸಾಮಾನು ಹೋಗುತ್ತಿದ್ದುದು ಥೂಲೆ ವಾಯುನೆಲೆಯಿಂದ. ಅದರ ವಿಸ್ತರಣೆಗಾಗಿ 1953ರಲ್ಲಿ ಅಲ್ಲಿನ ಇನುಯಿಟ್ ಕುಟುಂಬಗಳನ್ನು ಎಬ್ಬಿಸಿ ಉತ್ತರದ ಕಾನಾಕ್‌ಗೆ ಸಾಗಹಾಕಲಾಗಿತ್ತು.

1978ರ ಕೊನೆಯಿಂದ ಉಪಗ್ರಹಗಳು ಕಡಲ ಹಿಮವನ್ನು ಎಡೆಬಿಡದೆ ಅಳೆಯುತ್ತಿವೆ. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಸಿದದ್ದು ಈವರೆಗಿನ ಕನಿಷ್ಠ ದಾಖಲೆ. ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂದು 2022ರ ಅಧ್ಯಯನವೊಂದು ಹೇಳಿತು. ಕೆನಡಾದ ನುನಾವುಟ್‌ನ ಇನುಯಿಟ್ ಹಿರಿಯರು ಹವಾಮಾನದ ಬಗ್ಗೆ ಇದಕ್ಕೆ ಮೊದಲೇ ಒಂದು ಮಾತು ಬಳಸುತ್ತಿದ್ದರು: ‘ಉಗ್ಗಿಯಾನಕ್ತುಕ್’, ಚೆನ್ನಾಗಿ ಬಲ್ಲ ಗೆಳೆಯ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಆಡತೊಡಗಿದ ಹಾಗೆ. 2005ರಲ್ಲಿ ಇನುಯಿಟ್ ನಾಯಕಿ ಶೀಲಾ ವಾಟ್-ಕ್ಲೂಟಿಯೆ ಈ ಅನುಭವವನ್ನೇ ಮಾನವ ಹಕ್ಕಿನ ಅರ್ಜಿಯಾಗಿಸಿ ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗದ ಮುಂದಿಟ್ಟರು. ಆಯೋಗ ಆ ಅರ್ಜಿಯನ್ನು ಮುಂದುವರಿಸಲು ಒಪ್ಪಲಿಲ್ಲ.

ಇಷ್ಟೆಲ್ಲ ಅಳೆದರೂ, ಇಂದು ಬೆಳಿಗ್ಗೆ ಊರ ಮುಂದಿನ ಹಿಮ ಬಂಡಿಯ ಭಾರ ತಾಳೀತೇ ಎಂಬುದನ್ನು ಉಪಗ್ರಹ ಹೇಳಲಾರದು. ಬೇಟೆಗಾರ ಕಬ್ಬಿಣದ ಕೋಲಿನಿಂದ ಕುಟ್ಟಿ ನೋಡಿ ಹೆಜ್ಜೆಯಿಡುತ್ತಾನೆ. 2009–10ರ ಚಳಿಗಾಲ ಮಿತಿಮೀರಿ ಬೆಚ್ಚಗಾಗಿ ಕೆನಡಾದ ಲ್ಯಾಬ್ರಡಾರ್ ತೀರದ ಹಿಮದ ದಾರಿಗಳು ಕೈಕೊಟ್ಟವು. ಅದರ ಬೆನ್ನಿಗೇ ಅಲ್ಲಿನ ನೈನ್ ಊರಿನ ಜನ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ‘ಸ್ಮಾರ್ಟ್‌ಐಸ್’ ಕಟ್ಟಿದರು. ಹಿಮದ ದಪ್ಪ ಅಳೆಯುವ ಯಂತ್ರವನ್ನು ಸ್ನೋಮೊಬೈಲ್ ಎಳೆಯುವ ಕಮುಟಿಕ್ ಎಂಬ ಬಂಡಿಗೆ ಕಟ್ಟಿ ಓಡಿಸುವವರು ಸ್ಥಳೀಯರೇ.

ಕೆನಡಾದ ಇನುಯಿಟ್ ಸಂಘಟನೆ ‘ಇನುಯಿಟ್ ತಪಿರೀತ್ ಕನಾತಮಿ’ 2018ರಲ್ಲಿ ಸಂಶೋಧನೆಗೆ ತನ್ನದೇ ರಾಷ್ಟ್ರೀಯ ನೀತಿ ಹೊರಡಿಸಿತು. ನಮ್ಮ ನೆಲದಲ್ಲಿ ಸಂಗ್ರಹಿಸಿದ ಮಾಹಿತಿಯ ಒಡೆತನ ನಮಗಿರಲಿ, ಸಂಶೋಧನೆಯ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವಾಗ ನಮ್ಮನ್ನೂ ಕೂರಿಸಿಕೊಳ್ಳಿ ಎಂಬುದು ಅದರ ಬೇಡಿಕೆ.